ಗೊಂಬೆಗೆ ಕಟ್ಟಿದ ಜಾಮೀನು

ಆ ವರ್ಷ ನನ್ನ ಎಂಟನೇ ತರಗತಿಯಲ್ಲಿ ಇದ್ದದ್ದು ಮೂವತ್ತೊಂದು ಮಕ್ಕಳು, ನಾನು ಹಾಜರಿ ಕರೆಯುತ್ತಿದ್ದದ್ದು ಮೂವತ್ತೆರಡು. ಕೊನೆಯ ನಂಬರು ಒಂದು ಗೊಂಬೆಯದು. ಗಾದಿ ಹೊಲಿಯುವ ನೀಲಿ ಪಟ್ಟೆಯ ದಪ್ಪ ಬಟ್ಟೆಯಲ್ಲಿ ಮಾಡಿದ ಮೊಳದುದ್ದದ ಗೊಂಬೆ. ಕಣ್ಣಿಗೆ ಎರಡು ಅಂಗಿ ಗುಂಡಿ, ಒಂದು ಕರಿದು, ಒಂದು ಕಂದು. ಅದೀಗ ನನ್ನ ಮನೆಯ ಕಪಾಟಿನಲ್ಲಿದೆ. ಅದರ ಬಲತೋಳಿಗೆ ಹಸಿರು ಬಟ್ಟೆಯ ಒಂದು ಗಂಟಿದೆ. ಆ ಗಂಟನ್ನು ನಾನು ಬಿಚ್ಚಿಲ್ಲ. ಯಾಕೆ ಬಿಚ್ಚಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಶಾಲೆ ಶಹಾಪುರದಿಂದ ವಡಗೇರಾ ಕಡೆಗೆ ಹೋಗುವ ದಾರಿಯಲ್ಲಿದೆ. ಬಸ್ಸು ಸಿಕ್ಕರೆ ಮುಕ್ಕಾಲು ಗಂಟೆ, ಸಿಗದಿದ್ದರೆ ದೇವರೇ ಗತಿ. ನಾನು ಸಿಟ್ಟಿನ ಹೆಂಗಸು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಕ್ಕಳು ಬೆನ್ನ ಹಿಂದೆ ನನಗೆ ಖಾರಪುಡಿ ಟೀಚರ್ ಎನ್ನುತ್ತಿದ್ದರು, ನನಗೆ ಗೊತ್ತಿಲ್ಲ ಎಂದುಕೊಂಡು. ಆದರೆ ನಾನು ಕೋಲು ಮುಟ್ಟಿದವಳಲ್ಲ. ಒಮ್ಮೆ ಕಣ್ಣು ಬಿಟ್ಟರೆ ಸಾಕು, ಹಿಂದಿನ ಸಾಲಿನ ಉಡಾಳರೂ ತೆಪ್ಪಗಾಗುತ್ತಿದ್ದರು. ಹೊಸದಾಗಿ ಬಂದ ಶಿಕ್ಷಕರಿಗೆ ನಮ್ಮ ಹೆಡ್‌ಮಾಸ್ಟರು, "ಈ ಅಕ್ಕೋರ ಕಣ್ಣ್ ನೋಡಿ ಕಲೀರಿ, ಬಡಿಗಿ ಯಾಕ ಬೇಕು" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಗೊಂಬೆಯನ್ನು ತಂದವಳು ಹತ್ತೊಂಬತ್ತನೇ ನಂಬರಿನ ಹುಡುಗಿ. ಅವಳ ಅಪ್ಪ ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವವನು. ತಾಯಿ ಇರಲಿಲ್ಲ, ಕೆಳಗೆ ಇಬ್ಬರು ತಂಗಿಯರು, ಮನೆಯಲ್ಲಿ ಅಪ್ಪನ ತಾಯಿ, ದಾದಿ. ನಿಮ್ಮ ನಿಮ್ಮ ಮನೆಯ ಕೆಲಸ ತೋರಿಸುವ ಏನಾದರೂ ಒಂದು ವಸ್ತು ತನ್ನಿ ಎಂದು ಜೂನ್ ತಿಂಗಳಲ್ಲಿ ನಾನು ಹೇಳಿದ್ದಕ್ಕೆ ಒಬ್ಬ ಕುಡುಗೋಲು ತಂದ, ಒಬ್ಬಳು ರೊಟ್ಟಿ ಬಡಿಯುವ ಮರದ ಹರಿವಾಣ, ಕೊಣಮಿಗೆ, ಇವಳು ಗೊಂಬೆ. ಅಪ್ಪನ ಅಂಗಡಿಯಲ್ಲಿ ಉಳಿದ ಬಟ್ಟೆಯ ಚೂರುಗಳನ್ನು ತಾನೇ ದಬ್ಬಣದಲ್ಲಿ ಹೊಲಿದು, ಒಳಗೆ ಹಿಂಜಿದ ಹತ್ತಿ ತುಂಬಿದ್ದಳು. "ಇದಕ್ಕೂ ಹಾಜರಿ ಹಾಕ್ರಿ ಟೀಚರ್, ಇದೂ ಸುಮ್ಮ ಕುಂತದ" ಎಂದು ಯಾರೋ ಚೇಷ್ಟೆ ಮಾಡಿದರು. ಸರಕಾರಿ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ, ಬಾಯಲ್ಲಿ ಕರೆಯುವುದಕ್ಕೇನು ಧಾಡಿ ಎಂದು ಮೂವತ್ತೆರಡು ಎಂದು ಕರೆದೆ. ಅಲ್ಲಿಂದ ಅದು ನಮ್ಮ ತರಗತಿಯದಾಯಿತು.

ಅದು ಸಮುದ್ರಕ್ಕೆ ಹೋದ ಬಗೆ ಹೀಗೆ. ನನ್ನ ಅಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ನಾವು ಭೀಮರಾಯನಗುಡಿಯ ಕ್ಯಾಂಪಿನಲ್ಲಿದ್ದೆವು. ಪಕ್ಕದ ಮನೆಯ ಹುಡುಗ ಕಾಲುವೆಯಲ್ಲಿ ಈಜಿ ಈಜಿ ಬೈಸಿಕೊಂಡು ಬೆಳೆದವನು, ದೊಡ್ಡವನಾಗಿ ಗೋವಾಕ್ಕೆ ಹೋಗಿ ಹಾಯಿ ದೋಣಿಯ ಕೆಲಸಕ್ಕೆ ಸೇರಿದ. ಈಗ ಅವನಿಗೆ ನಲವತ್ತರ ಹತ್ತಿರ. ಏಳು ಮಂದಿ ಒಂದು ಹಾಯಿ ದೋಣಿಯಲ್ಲಿ ಜಗತ್ತನ್ನೇ ಸುತ್ತಿ ಬರಲು ಹೊರಟಿದ್ದರು, ಇವನದು ಹಾಯಿ ಹರಿದರೆ ಹೊಲಿಯುವ ಕೆಲಸ. ಹೊರಡುವ ಮೊದಲು ಊರಿಗೆ ಬಂದಾಗ ನಾನು ಬಿಡದೆ ಶಾಲೆಗೆ ಕರೆದೊಯ್ದೆ.

ನಮ್ಮ ಮಕ್ಕಳು ನೋಡಿದ ದೊಡ್ಡ ನೀರು ಅಂದರೆ ಮಳೆಗಾಲದ ಕೃಷ್ಣೆ. "ಗಾಳಿ ನಿಂತ್ರ ಏನ್ ಮಾಡ್ತೀರಿ ಸರ" ಎಂದು ಒಬ್ಬ ಕೇಳಿದ.

"ಗಾಳಿ ನಿಂತ್ರ ನಾವೂ ನಿಲ್ಲೋದು. ಒಮ್ಮೆ ಹನ್ನೊಂದ್ ದಿನ ನಿಂತಿದ್ವಿ."

"ಹಂಗಾರ ನಮ್ಮ ವಡಗೇರಾ ಬಸ್ಸಿನಂಗ ಬಿಡ್ರಿ" ಎಂದಿತು ಹಿಂದಿನ ಸಾಲು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಗೋಡೆಯ ಮೇಲಿನ ಜಗತ್ತಿನ ನಕ್ಷೆಯಲ್ಲಿ ಬೆರಳಿಟ್ಟು ದಾರಿ ತೋರಿಸಿದ. ಗೋವಾ ಬಿಟ್ಟು ಮಾರಿಷಸ್, ಅಲ್ಲಿಂದ ಆಫ್ರಿಕಾದ ತುದಿ, ಆಚೆಗೆ ಅಮೆರಿಕದ ಕೆಳಗಿನ ತುದಿ, ಮತ್ತೆ ಸುತ್ತಿ ವಾಪಸು. ಒಂದೂವರೆ ವರ್ಷ ಹಿಡಿಯುತ್ತದೆ ಎಂದ. ಮಕ್ಕಳು ಗೊಂಬೆಯನ್ನು ಅವನ ಕೈಗೆ ಕೊಟ್ಟು, ಇದನ್ನೂ ಸುತ್ತಿಸಿಕೊಂಡು ಬನ್ನಿ ಎಂದರು. ಹತ್ತೊಂಬತ್ತನೇ ನಂಬರಿನವಳು ಮಾತ್ರ ಎದ್ದು ನಿಂತು, "ಒಂದೂವರಿ ವರ್ಷ ಖರೇನಾ ರಿ" ಎಂದು ಎರಡು ಸಲ ಕೇಳಿದಳು. ಗೊಂಬೆ ಬಿಟ್ಟಿರಲು ಸಂಕಟ ಪಡುತ್ತಿದ್ದಾಳೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಬಂದು ಒಯ್ಯುತ್ತೇನೆ ಎಂದು ಅವನು ಹೋದ.

ಮರುದಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವಳ ದಾದಿ ಶಾಲೆಗೆ ಬಂದಳು. ಕಣ್ಣಿಗೆ ಪೊರೆ ಬಂದು ಮೊಮ್ಮಗಳ ಭುಜ ಹಿಡಿದೇ ನಡೆಯುವ ಮುದುಕಿ. ಸೆರಗಿನಿಂದ ಒಂದು ಹಸಿರು ಪಟ್ಟಿ ತೆಗೆದಳು. ಅದರೊಳಗೆ ಒಂದು ನಾಣ್ಯ ಇಟ್ಟು ಹೊಲಿದಿದ್ದರು. ದೂರ ಹೊರಟವರ ಬಲತೋಳಿಗೆ ಮುಸಲ್ಮಾನರ ಮನೆಗಳಲ್ಲಿ ಕಟ್ಟುವ ಇಮಾಮ್ ಜಾಮಿನ್ ಅದು. ಹೋದವರನ್ನು ಕ್ಷೇಮವಾಗಿ ತರುವ ಹೊಣೆ ಇಮಾಮರದು. ತಿರುಗಿ ಬಂದ ಮೇಲೆ ಕಟ್ಟಿದವರೇ ಬಿಚ್ಚಿ, ನಾಣ್ಯವನ್ನು ಬಡವರ ಕೈಗೆ ಕೊಡಬೇಕು. ಕ್ಯಾಂಪಿಗೆ ಹೋಗುವ ಮೊದಲು ನಾನು ಸುರಪುರದಲ್ಲಿ ಅಂಥ ಮನೆಗಳ ನಡುವೆಯೇ ಬೆಳೆದವಳು, ನೋಡಿ ಗೊತ್ತಿತ್ತು. ಆದರೆ ಗೊಂಬೆಗೆ ಕಟ್ಟಿದ್ದನ್ನು ನೋಡಿದ್ದು ಅದೇ ಮೊದಲು. ಮುದುಕಿ ತಡವರಿಸುತ್ತ ಗೊಂಬೆಯ ತೋಳು ಹುಡುಕಿ, ಪಟ್ಟಿ ಸುತ್ತಿ, ಮೂರು ಗಂಟು ಹಾಕಿದಳು.

ನನಗೆ ನಗು ತಡೆಯಲಿಲ್ಲ. "ದಾದಿ, ಈ ಗೊಂಬಿ ಏನ್ ಕೇಸ್ ಮಾಡ್ಯದ ಅಂತ ಜಾಮೀನ್ ಕೊಡ್ಲಾಕತ್ತೀರಿ" ಎಂದೆ.

ಅವಳು ನಗಲಿಲ್ಲ. "ಕೇಸ್ ಗೊಂಬೀದಲ್ರಿ ಅಕ್ಕೋರ" ಎಂದಳು. ಆಮೇಲೆ ಗೊಂಬೆಯ ತಲೆ ಸವರಿ, "ಜಾಕು ಆ" ಅಂದಳು. ಹೋಗಿ ಬಾ ಎಂದು. ಯಾವ ಕೇಸು, ಯಾರದು ಎಂದು ನಾನು ಕೇಳಬಹುದಿತ್ತು. ಗಂಟೆ ಹೊಡೆಯಿತು, ನನಗೆ ಗಣಿತದ ಪಾಠ ಇತ್ತು.

ಅಲ್ಲಿಂದ ದಿನವೂ ಹಾಜರಿ ಕರೆಯುವಾಗ ನಾನು "ಮೂವತ್ತೆರಡು" ಎಂದರೆ ಮೂವತ್ತೊಂದು ಬಾಯಿಗಳು ಒಟ್ಟಿಗೆ, "ಸಫರಿನ್ಯಾಗ ಅದರಿ ಟೀಚರ್" ಎನ್ನುತ್ತಿದ್ದವು. ಸಫರು, ಪ್ರಯಾಣ. ಪಕ್ಕದ ತರಗತಿಗೂ ಕೇಳುತ್ತಿತ್ತು.

ದೋಣಿ ಬಂದರು ಸೇರಿದಾಗಲೆಲ್ಲ ಅವನು ಫೋಟೋ ಕಳಿಸುತ್ತಿದ್ದ. ಗೊಂಬೆಯನ್ನು ಹಾಯಿಕಂಬಕ್ಕೆ ಹಗ್ಗದಿಂದ ಕಟ್ಟಿದ್ದು. ಗೊಂಬೆ ಹಾಸಿಗೆಯ ಮೂಲೆಯಲ್ಲಿ ಮಲಗಿದ್ದು. ಹಾರುವ ಮೀನೊಂದು ತಾನಾಗಿ ದೋಣಿಯೊಳಗೆ ಬಿದ್ದಾಗ ಅದರ ಪಕ್ಕ ಗೊಂಬೆ ಕೂತದ್ದು. ನಡುಸಮುದ್ರದಿಂದ ಫೋಟೋ ಬರುತ್ತಿರಲಿಲ್ಲ, ಎಲ್ಲಿದ್ದೇವೆ ಎಂಬ ಅಂಕಿ ಮಾತ್ರ ಬರುತ್ತಿತ್ತು. ಆ ಅಂಕಿ ಹಿಡಿದು ಹತ್ತೊಂಬತ್ತನೇ ನಂಬರಿನವಳು ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ಕೆಂಪು ದಾರ ಎಳೆಯುತ್ತಿದ್ದಳು. ಅಕ್ಷಾಂಶ ರೇಖಾಂಶವನ್ನು ನಾನು ಹದಿನೈದು ವರ್ಷ ಬಾಯಿಪಾಠ ಮಾಡಿಸಿದವಳು. ಅದು ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನನಗೂ ಆಗಲೇ ತಿಳಿದದ್ದು.

ಒಮ್ಮೆ ದೊಡ್ಡ ಗಾಳಿಯಲ್ಲಿ ಹಾಯಿ ಸೀಳಿತಂತೆ. ಅವನು ಎರಡು ದಿನ ಕೂತು ಹೊಲಿದ ಫೋಟೋ ಬಂತು, ತೊಡೆಯ ಮೇಲೆ ರಾಶಿ ಬಟ್ಟೆ, ಕೈಯಲ್ಲಿ ದಬ್ಬಣ, ಪಕ್ಕದಲ್ಲಿ ಒದ್ದೆಯಾದ ಗೊಂಬೆ. ಹುಡುಗಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಹೊಲಿಗೆ ನೋಡಿದಳು. "ಅಬ್ಬಾನೂ ಗಾದಿಗಿ ಹಿಂಗ ಹಾಕ್ತಾನ್ರಿ ಟೀಚರ್. ಒಂದೊಂದ್ ಹೊಲಿಗಿಗೂ ಬ್ಯಾರೆ ಗಂಟು. ಒಂದ್ ಹರದ್ರ ಇನ್ನೊಂದ್ ಹಿಡಿತದ" ಎಂದಳು. ಅದನ್ನೇ ಬರೆದು ಕಳಿಸಿದೆ. ಆ ಹುಡುಗಿಗೆ ಹಾಯಿ ಹೊಲಿಯುವ ಕೆಲಸ ಕೊಡಬಹುದು ಅಕ್ಕಾ ಎಂದು ಅವನು ಉತ್ತರ ಹಾಕಿದ. ಅವಳಿಗೆ ಓದಿ ಹೇಳಿದಾಗ ಅವಳು ಅರ್ಧ ದಿನ ನಗುತ್ತಲೇ ಇದ್ದಳು. ತಲೆತುಂಬ ಬುದ್ಧಿ ಇದ್ದ ಹುಡುಗಿ ಅದು. ಶಹಾಪುರದ ಹೈಸ್ಕೂಲಿಗೆ ಅವಳನ್ನು ನಾನೇ ಸೇರಿಸಬೇಕು ಎಂದು ಆಗಲೇ ಅಂದುಕೊಂಡಿದ್ದೆ.

ಮಾರಿಷಸ್ಸಿನಲ್ಲಿ ಚುಕ್ಕಾಣಿ ಕೆಟ್ಟು ದೋಣಿ ಐದಾರು ವಾರ ನಿಂತಿತು. ತರಗತಿಯೆಲ್ಲ ಮುಖ ಸಣ್ಣ ಮಾಡಿತು. ಇವಳು ಮಾತ್ರ ಮರುದಿನ ಕಾಗದದ ಪೊಟ್ಟಣದಲ್ಲಿ ಸಕ್ಕರೆ ತಂದು ಎಲ್ಲರ ಅಂಗೈಗೆ ಹಾಕಿದಳು. ದರ್ಗಾದಲ್ಲಿ ಫಾತಿಹಾ ಓದಿಸಿದ ಸಕ್ಕರೆ, ಒಳ್ಳೆಯದಾದಾಗ ಹಂಚುವಂಥದು. ನನಗೆ ಸಿಟ್ಟು ಬಂತು. "ಅಲ್ಲಿ ದೋಣಿ ಕೆಟ್ಟು ಕುಂತದ, ನೀ ಇಲ್ಲಿ ಸಕ್ಕರಿ ಹಂಚ್ತೀ? ಬುದ್ಧಿ ಅದ ಇಲ್ಲ?" ಎಂದು ಕಣ್ಣು ಬಿಟ್ಟೆ. ಅವಳು ತಲೆ ತಗ್ಗಿಸಿ, "ದಾದಿ ಓದಿಸ್ಯಾಳ್ರಿ" ಎಂದಷ್ಟೇ ಹೇಳಿ ಕೂತಳು. ದೋಣಿ ತಡವಾದರೆ ಒಂದು ಮನೆಯಲ್ಲಿ ಸಕ್ಕರೆ ಓದಿಸುತ್ತಾರೆಂದರೆ ಅದಕ್ಕೊಂದು ಕಾರಣ ಇರಬೇಕು. ಇಷ್ಟು ಓದಿದ ನನಗೆ ಅದು ಹೊಳೆಯಲಿಲ್ಲ.

ಸಂಕ್ರಾಂತಿಯ ಹಿಂದೆಮುಂದೆ ಆಫ್ರಿಕಾದ ತುದಿಯ ಆಚೆ ದೋಣಿ ಸುಮ್ಮನಾಯಿತು. ಹನ್ನೆರಡು ದಿನ ಅಂಕಿ ಬರಲಿಲ್ಲ. ಕೆಂಪು ದಾರ ನೀಲಿಯ ನಡುವೆ ನಿಂತಿತು. ಮಕ್ಕಳು ಬೆಳಿಗ್ಗೆ ಬಂದೊಡನೆ ನನ್ನ ಮುಖ ನೋಡುತ್ತಿದ್ದರು. ಹದಿಮೂರನೆಯ ದಿನ ಅವನ ಸಂದೇಶ ಬಂತು. ಅಲೆ ಬಡಿದು ದೋಣಿ ಮಗುಚಿ ಎದ್ದಿದೆ, ಹಾಯಿಕಂಬ ಮುರಿದಿದೆ, ಒಬ್ಬನ ಕಾಲು ಮುರಿದಿದೆ, ಎಲ್ಲರನ್ನೂ ಬೇರೆ ಹಡಗಿನವರು ದಡ ಸೇರಿಸಿದ್ದಾರೆ, ದೋಣಿಯನ್ನು ಆಮೇಲೆ ಎಳೆದು ತರುತ್ತಾರಂತೆ. ಕೊನೆಗೆ ಒಂದು ಸಾಲು: ಒಳಗೆಲ್ಲ ನೀರು ತುಂಬಿತ್ತು ಅಕ್ಕಾ, ಗೊಂಬಿ ಸಿಗಲಿಲ್ಲ.

ನಾನು ಮಕ್ಕಳಿಗೆ ಅರ್ಧ ಹೇಳಿದೆ. ಜನ ಉಳಿದಿದ್ದಾರೆ, ದೋಣಿ ಮುರಿದಿದೆ ಎಂದೆ. ಗೊಂಬೆ ಎಲ್ಲಿ ಎಂದು ಕೇಳಿದ್ದಕ್ಕೆ, ಬರುತ್ತದೆ, ಪಾರ್ಸೆಲ್ ಹಾಕುತ್ತಾರೆ ಎಂದುಬಿಟ್ಟೆ. ನಾಲ್ಕು ದಿನ ಕಳೆದು ನಿಜ ಹೇಳೋಣ ಎಂಬ ಲೆಕ್ಕ. ಆ ನಾಲ್ಕು ದಿನದಲ್ಲೇ ಕೆಟ್ಟಿತು. ಗೊಂಬೆಯ ಸುದ್ದಿ ಎಲ್ಲೋ ಪತ್ರಿಕೆಯಲ್ಲಿ ಬಂದಿತ್ತು, ಮೇಲಿನ ಒಬ್ಬ ಅಧಿಕಾರಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ತಾವೇ ಬಂದು ಗೊಂಬೆಯನ್ನು ಬರಮಾಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಹೆಡ್‌ಮಾಸ್ಟರು ದಿನಕ್ಕೆ ಮೂರು ಸಲ, "ಗೊಂಬಿ ಬಂತೇನ್ರಿ ಅಕ್ಕೋರ" ಎನ್ನತೊಡಗಿದರು. ಆ ವರ್ಷ ತಾಲ್ಲೂಕಿನ ಒಳ್ಳೆಯ ಶಿಕ್ಷಕಿ ಎಂದು ನನ್ನನ್ನು ಆರಿಸುವ ಮಾತೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಆಸೆ ಇತ್ತು ನನಗೆ.

ಶಹಾಪುರದ ಪೇಟೆಯಲ್ಲಿ ಅದೇ ನೀಲಿ ಪಟ್ಟೆಯ ಬಟ್ಟೆ ಕೊಂಡೆ. ಹತ್ತಿಗೆ ಮಾತ್ರ ಹೋಗಲಿಲ್ಲ. ಹತ್ತಿ ಹಿಂಜುವವರು ಒಬ್ಬರಿಗೊಬ್ಬರು ಬೀಗರೇ, ಸುದ್ದಿ ಹುಡುಗಿಯ ಅಪ್ಪನ ಕಿವಿಗೆ ಹೋದೀತು ಎಂಬ ಅಂಜಿಕೆ. ಸೋಫಾ ದುರಸ್ತಿ ಮಾಡುವವನ ಹತ್ತಿರ ಸ್ಪಂಜಿನ ಚೂರು ತಂದೆ. ರವಿವಾರ ಸುರಪುರಕ್ಕೆ ಹೋಗಿ ಅವ್ವನ ಹೊಲಿಗೆ ಮಷೀನಿನ ಮುಂದೆ ಕೂತೆ. ಹೊಲಿದದ್ದನ್ನು ಉಪ್ಪುನೀರಿನಲ್ಲಿ ನೆನೆಸಿ, ಮಾಳಿಗೆಯ ಮೇಲೆ ಒಣಗಿಸಿ, ಮತ್ತೆ ನೆನೆಸಿ, ಬಣ್ಣ ಕಳೆದೆ. ಒಂದು ಕರಿ ಗುಂಡಿ, ಒಂದು ಕಂದು ಗುಂಡಿ. ಹಸಿರು ಚಿಂದಿಯಲ್ಲಿ ನಾಣ್ಯ ಇಟ್ಟು ತೋಳಿಗೆ ಕಟ್ಟಿದೆ.

ಅವ್ವ ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದಳು. "ಯಾರಿಗಿ ಮೋಸ ಮಾಡಾಕತ್ತೀಯವ್ವ" ಎಂದಳು.

"ಮೋಸ ಏನ್ ಬಂತು, ಹುಡುಗ್ರ ಮನಸ್ ಮುರೀಬಾರದು ಅಂತ."

"ಹುಡುಗ್ರ ಮನಸ್ಸೋ ನಿಂದೋ" ಎಂದು ಅವ್ವ ಎದ್ದು ಒಳಗೆ ಹೋದಳು.

ವಾರ್ಷಿಕೋತ್ಸವದ ದಿನ ಅಂಗಳದ ತುಂಬ ಜನ. ಗೊಂಬೆಯನ್ನು ತಟ್ಟೆಯಲ್ಲಿಟ್ಟು ಹೂ ಹಾಕಿ ತಂದೆವು. ಅಧಿಕಾರಿ ಸಮುದ್ರದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಮಾಡಿದವಳ ಕೈಗೇ ಕೊಡಬೇಕು ಎಂದು ಹತ್ತೊಂಬತ್ತನೇ ನಂಬರಿನವಳನ್ನು ವೇದಿಕೆಗೆ ಕರೆದರು. ಮುಂದಿನ ಸಾಲಿನಲ್ಲಿ ಅವಳ ಅಪ್ಪನೂ ದಾದಿಯೂ ಕೂತಿದ್ದರು.

ಹುಡುಗಿ ಗೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದಳು. ಒತ್ತಿದ್ದು ಒಂದೇ ಸಲ. ಗಾದಿ ಹೊಲಿಯುವವನ ಮಗಳು. ಹತ್ತಿ ಒತ್ತಿದರೆ ತಗ್ಗು ಹಾಗೇ ನಿಲ್ಲುತ್ತದೆ, ಸ್ಪಂಜು ಪುಟಿದು ಮೇಲೆ ಬರುತ್ತದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬಾಯಿ ತೆರೆಯುವುದರಲ್ಲಿದ್ದಳು. ನಾನು ಕಣ್ಣು ಬಿಟ್ಟೆ.

"ಇದೇ ಏನವ್ವಾ ನಿನ್ನ ಗೊಂಬೆ" ಎಂದು ಅಧಿಕಾರಿ ಕೇಳಿದರು.

"ಹೌದ್ರಿ."

ಆಮೇಲೆ ದಾದಿಯನ್ನು ಮೇಲೆ ಹತ್ತಿಸಿ ತಂದರು. ಕಟ್ಟಿದವಳೇ ಬಿಚ್ಚಬೇಕಲ್ಲ. ಮುದುಕಿಯ ಬೆರಳು ಗಂಟಿನ ಮೇಲೆ ಬಹಳ ಹೊತ್ತು ಓಡಾಡಿದವು. ಅವಳು ಮೂರು ಗಂಟು ಹಾಕಿದ್ದಳು, ನಾನು ಎರಡು ಹಾಕಿದ್ದೆ. ಅವಳು ಮೊಮ್ಮಗಳ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಯೇಇಚ್ ಹೈ ಕ್ಯಾ ಮಾಂ" ಎಂದು ಕೇಳಿದಳು. ಇದೇನಾ ಎಂದು. ಹುಡುಗಿ ಇನ್ನೊಮ್ಮೆ ನನ್ನನ್ನು ನೋಡಿದಳು. ನನ್ನ ಕಣ್ಣು ಹಾಗೇ ಇತ್ತು.

"ಹೌ ದಾದಿ" ಎಂದಳು.

ಮುದುಕಿ ಬಿಚ್ಚಿದಳು. ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿಯುವಾಗ ಹುಡುಗಿಯ ಅಪ್ಪ ನನಗೆ ಕೈಮುಗಿದು, "ನಿಮ್ಮಿಂದ ಸಫರ್ ಮುಗೀತ್ರಿ ಟೀಚರ್" ಎಂದ. ಉಪಕಾರ ಸ್ಮರಿಸುತ್ತಿದ್ದಾನೆ ಎಂದುಕೊಂಡು ನಾನೂ ಕೈಮುಗಿದೆ.

ಎರಡು ವಾರದಲ್ಲಿ ಹತ್ತೊಂಬತ್ತನೇ ನಂಬರು ಗೈರುಹಾಜರಾಯಿತು. ಒಂದು ದಿನ, ಎರಡು ದಿನ, ಐದು ದಿನ. ಜ್ವರ ಇರಬೇಕು ಎಂದುಕೊಂಡೆ. ಆರನೇ ದಿನ ಶಾಲೆ ಬಿಟ್ಟ ಮೇಲೆ ಮನೆಗೆ ಹೋದೆ. ಅಪ್ಪ ಅಂಗಳದಲ್ಲಿ ಹೊಸ ಗಾದಿ ಹೊಲಿಯುತ್ತಿದ್ದ. ಜೋಡಿ ಗಾದಿ, ಕೆಂಪು ಹೂವಿನ ಬಟ್ಟೆ. ದಾದಿ ಗೋಡೆಗೆ ಒರಗಿ ಕೂತಿದ್ದಳು. ಹುಡುಗಿ ಕಾಣಲಿಲ್ಲ.

"ಎಲ್ಲಿ ಹೋಗ್ಯಾಳ" ಎಂದೆ. ಅವನು ದಬ್ಬಣ ನಿಲ್ಲಿಸದೆಯೇ, "ಫುಪ್ಪು ಮನಿಗಿ ಹೋಗ್ಯಾಳ್ರಿ. ಬರೋ ಜುಮ್ಮಾ ಮರುದಿನ ನಿಖಾ ಅದ" ಎಂದ. ಅಂದರೆ ಶನಿವಾರ ಮದುವೆ. ಫುಪ್ಪು ಅಂದರೆ ಅವನ ಅಕ್ಕ, ಗುರುಮಠಕಲ್ಲಿನ ಆಚೆ ತೆಲುಗು ಸೀಮೆಯಲ್ಲಿ ಇದ್ದವಳು.

ನಾನು ಅಂಗಳದಲ್ಲೇ ಕೂತುಬಿಟ್ಟೆ. ಹುಡುಗಿಗೆ ಹದಿನಾಲ್ಕು ತುಂಬಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ತಲೆ ಎತ್ತಲಿಲ್ಲ. ಇದು ಅವರ ಮನೆಯ ರೋಗ ಮಾತ್ರ ಎಂದು ಯಾರೂ ತಿಳಿಯಬಾರದು, ನಮ್ಮ ಮನೆಯಲ್ಲೇ ನನ್ನ ಅಕ್ಕನಿಗೆ ಇದೇ ವಯಸ್ಸಿಗೆ ಅರಿಶಿಣ ಹಚ್ಚಿದ್ದರು. ನನ್ನ ಸಿಟ್ಟಿನಲ್ಲಿ ಅದೂ ಇತ್ತು.

ಬೈದು ಸುಸ್ತಾದ ಮೇಲೆ ಮಾತಾಡಿದವಳು ದಾದಿ. "ಹ್ವಾದ ರಮಜಾನ್ದಾಗೇ ಸಂಬಂಧ ಬಂದಿತ್ರಿ ಅಕ್ಕೋರ. ನಾ ಬ್ಯಾಡ ಅಂದೆ. ಇಂವ ಕೇಳವಲ್ಲ. ಹೆಂಡ್ತಿ ಇಲ್ಲ, ಮೂರು ಹೆಣ್ಮಕ್ಕಳು, ನಾ ಊರೂರು ತಿರಗಾಂವ, ಮನ್ಯಾಗ ಕುರ್ಡಿ ಮುದುಕಿ, ಹೆಂಗ ಬಿಡ್ಲಿ ಅಂತಾನ. ಆಗ ಗೊಂಬಿ ಸುದ್ದಿ ಬಂತು. ನಮ್ಮ ಮನ್ಯಾಗ ಒಂದ್ ನಡಾವಳಿ ಅದ. ಮನಿ ಮಂದಿಗಿ ಜಾಮಿನ್ ಕಟ್ಟಿ ಕಳಸಿದ್ರ, ಅವರು ಬಂದು ಅದನ್ನ ಬಿಚ್ಚೋತನ ಮನ್ಯಾಗ ಶಾದಿ ಮಾತಿಲ್ಲ. ನಮ್ಮತ್ತಿ ಹಂಗ ನಡಸ್ಯಾಳ, ನಾನೂ ಹಂಗ ನಡಸೀನಿ. ಗೊಂಬಿ ಇವಳು ಹೊಲದದ್ದು, ನಮ್ಮನಿ ಹತ್ತಿ. ನಮ್ಮನಿ ಮಂದೀನ ಅಂದೆ. ಕಟ್ಟಿದೆ."

"ನಾ ನಕ್ಕಿದ್ದೆ ಟೀಚರ್" ಎಂದ ಅಪ್ಪ. "ಗೊಂಬಿಗೇನ್ ಜಾಮಿನ್ ಅಂತ ನಕ್ಕೆ. ಆದ್ರ ತಾಯಿ ಮಾತು. ಬರೋತನ ಕಾಯ್ತೀನಿ ಅಂತ ಜಬಾನ್ ಕೊಟ್ಟೆ. ಕಾದೆ."

"ಕಳದಿದ್ರ?" ಎಂದೆ. "ಗೊಂಬಿ ಸಮುದ್ರದಾಗ ಕಳದಿದ್ರ?"

"ಕಳದ್ರ ಸಿಗೋತನ ಕಾಯೋದು" ಎಂದಳು ದಾದಿ. "ನಾ ಸಾಯೋತನ ಕಾಯಿಸ್ತಿದ್ದೆ."

ಆಗ ಹೇಳಿದೆ. ಗೊಂಬೆ ಬಂದೇ ಇಲ್ಲ, ಅದು ನಾನು ಹೊಲಿದದ್ದು ಎಂದೆ. ಅಪ್ಪ ನಂಬಲಿಲ್ಲ. "ಈಗ ಹಿಂಗಂತೀರಿ ನೀವು. ಹುಡುಗೀನೇ ಎಲ್ಲಾರ ಮುಂದ ಹೌ ಅಂದಾಳಲ್ರಿ" ಎಂದ. ಮರುದಿನ ಶಾಲೆಯಿಂದ ಗೊಂಬೆ ತಂದು, ಅವನ ಕತ್ತರಿಯಿಂದಲೇ ಅವನ ಮುಂದೆ ಹೊಟ್ಟೆ ಕೊಯ್ದೆ. ಹಳದಿ ಸ್ಪಂಜು ಅಂಗಳದಲ್ಲಿ ಚೆಲ್ಲಿತು. ಅವನು ಒಂದು ಚೂರು ಎತ್ತಿ ಬೆರಳಲ್ಲಿ ಹಿಸುಕಿ ನೋಡಿದ. ದಾದಿ ಕೈಚಾಚಿ ಕೇಳಿದಳು, ಅವಳ ಅಂಗೈಗೂ ಇಟ್ಟ. ಅವಳು ಮುಖ ಮುಚ್ಚಿಕೊಂಡಳು.

"ಇನ್ನೂ ನಾಕ್ ದಿನ ಅದ ಅಣ್ಣಾರ" ಎಂದೆ. "ಸಫರ್ ಮುಗದಿಲ್ಲ. ನಿಲ್ಸ್ರಿ. ಕೈಮುಗೀತೀನಿ."

ಅವನು, "ತಾಯಿಗಿ ಜಬಾನ್ ಕೊಟ್ಟಿದ್ದೆ, ಉಳಸ್ಕೊಂಡೆ. ಈಗ ಅವರಿಗಿ ಜಬಾನ್ ಕೊಟ್ಟೀನಿ. ಮಾತ್ ಆಡಿದ್ರ ಹೋತು, ಮುತ್ ಒಡದ್ರ ಹೋತು. ನೀವು ಸುಳ್ಳಾಡಿದ್ರಿ ಅಂತ ನಾನೂ ಸುಳ್ಳಾಗ್ಲೇನ್ರಿ" ಎಂದ. ನನಗೆ ಮತ್ತೆ ಸಿಟ್ಟು ಬಂತು, ಪೊಲೀಸರನ್ನು ಕರೆಸುತ್ತೇನೆ, ಜೈಲಿಗೆ ಹಾಕಿಸುತ್ತೇನೆ ಎಂದು ಕೂಗಾಡಿದೆ. ಅವನು ಸ್ಪಂಜಿನ ಚೂರುಗಳನ್ನು ಗುಡಿಸಿ ಒಂದು ಕಡೆ ಮಾಡಿದ.

ಬಸ್ಸಿನಿಂದಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಮರುದಿನ ಅವರು ಬಂದಾಗ ಮನೆಗೆ ಬೀಗ ಬಿದ್ದಿತ್ತು. ನಾನು ಕೂಗಾಡದೆ ಸುಮ್ಮನೆ ಹೋಗಿ ಹೇಳಿದ್ದರೆ ಸಿಗುತ್ತಿದ್ದರೋ ಏನೋ. ಫುಪ್ಪುವಿನ ಊರಿಗೂ ಹೋಗಿ ಬಂದರು, ಅಲ್ಲಿಗೆ ಯಾರೂ ಬಂದಿಲ್ಲ ಎಂದರಂತೆ. ಹತ್ತು ದಿನದ ಮೇಲೆ ಅಪ್ಪ, ದಾದಿ, ಇಬ್ಬರು ಸಣ್ಣ ಹುಡುಗಿಯರು ತಿರುಗಿ ಬಂದರು. ವಿಚಾರಣೆ ಆಯಿತು, ಕಾಗದ ಬರೆದುಕೊಂಡರು. ಹುಡುಗಿ ಎಲ್ಲಿ ಎಂದರೆ ಕೆಲಸಕ್ಕೆ ಹೋಗಿದ್ದಾಳೆ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಆಮೇಲೆ ಯಾರನ್ನು ಕರೆದು ಏನು. ತಾಲ್ಲೂಕಿನ ಒಳ್ಳೆಯ ಶಿಕ್ಷಕಿ ಎಂಬ ಪ್ರಶಸ್ತಿ ನನಗೇ ಬಂತು. ನಾನು ತೆಗೆದುಕೊಳ್ಳಲು ಹೋಗಲಿಲ್ಲ, ಹೆಡ್‌ಮಾಸ್ಟರು ತಂದು ಶಾಲೆಯ ಕಪಾಟಿನ ಮೇಲಿಟ್ಟರು.

ನಿಜವಾದ ಗೊಂಬೆ ಬಂದದ್ದು ಮುಂದಿನ ಆಗಸ್ಟಿನಲ್ಲಿ. ದೋಣಿಯನ್ನು ಎಳೆದು ತಂದ ಮೇಲೆ, ಹರಿದ ಹಾಯಿ ತುಂಬುವ ಚೀಲದ ತಳದಲ್ಲಿ ಸಿಕ್ಕಿತು ಅಕ್ಕಾ, ಮಕ್ಕಳಿಗೆ ಹೇಳು ಎಂದು ಹಾಯಿ ಹೊಲಿಯುವವನು ಪಾರ್ಸೆಲ್ಲಿನಲ್ಲಿ ಚೀಟಿ ಇಟ್ಟಿದ್ದ. ಉಪ್ಪು ಹಿಡಿದು ರೊಟ್ಟಿಯ ಹಾಗೆ ಬಿರುಸಾಗಿತ್ತು. ಕಂದು ಗುಂಡಿ ಹೋಗಿತ್ತು. ಹೆಬ್ಬೆರಳಿನಿಂದ ಒತ್ತಿದೆ, ತಗ್ಗು ಹಾಗೇ ನಿಂತಿತು. ಬಲತೋಳಿನಲ್ಲಿ ಹಸಿರು ಪಟ್ಟಿ, ಮೂರು ಗಂಟು. ಹೇಳಲು ಆ ಮಕ್ಕಳೆಲ್ಲಿ, ಅವರು ಬೇರೆ ಬೇರೆ ಹೈಸ್ಕೂಲಿಗೆ ಹೋಗಿದ್ದರು, ಅರ್ಧ ಜನ ಹೋಗಿರಲಿಲ್ಲ.

ದಾದಿಯ ಹತ್ತಿರ ಒಯ್ದೆ. ಮಗ ಮನೆಯಲ್ಲಿರಲಿಲ್ಲ. ಅವಳ ಕಣ್ಣು ಪೂರ್ತಿ ಹೋಗಿತ್ತು. ತೊಡೆಯ ಮೇಲಿಟ್ಟ ಗೊಂಬೆಯ ತೋಳನ್ನು ಹುಡುಕಿ, ಗಂಟುಗಳನ್ನು ಒಂದೊಂದಾಗಿ ಮುಟ್ಟಿ, "ಇದು ನಂದು" ಎಂದಳು.

"ಬಿಚ್ಚ್ರಿ ದಾದಿ" ಎಂದೆ.

"ಯಾಕ ಬಿಚ್ಲಿ? ನಮ್ಮನಿ ಹುಡುಗಿ ಇನ್ನಾ ಸಫರಿನ್ಯಾಗ ಅದಾಳ. ಅವಳ ತೋಳಿಗಿ ಕಟ್ಟಾಕ ಯಾರೂ ನಂಗ ಬಿಡ್ಲಿಲ್ಲ" ಎಂದು ಗೊಂಬೆಯನ್ನು ನನ್ನ ಕೈಗೆ ತಿರುಗಿ ಕೊಟ್ಟಳು. "ನೀವೇ ಇಟ್ಕೋರಿ ಅಕ್ಕೋರ. ನೀವ್ ಬಿಚ್ಚಬ್ಯಾಡ್ರಿ." ಬೈಯುತ್ತಾಳೆ ಎಂದುಕೊಂಡು ಹೋಗಿದ್ದೆ. ಅವಳು ಒಂದು ಲೋಟ ಚಹಾ ಮಾಡಿಸಿ ಕುಡಿಸಿ ಕಳಿಸಿದಳು.

ಅದಾಗಿ ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹಿಂದೆ ಯಾರೋ ತೆಲುಗಿನಲ್ಲಿ ಜಗಳಾಡುತ್ತಿದ್ದರು, ಒಂದು ಕೂಸು ಅಳುತ್ತಿತ್ತು.

"ಟೀಚರ್, ನಾ ಹತ್ತೊಂಬತ್ತ್ ರಿ."

ನಾನು ಫೋನ್ ಹಿಡಿದು ಅಂಗಳಕ್ಕೆ ಬಂದೆ. ಅವಳೇ, "ಮೂವತ್ತೆರಡು ಬಂತೇನ್ರಿ" ಎಂದಳು.

"ಬಂದದವ್ವ. ಖರೇದು ಬಂದದ."

"ದಾದಿ ಬಿಚ್ಚಿದ್ಲೇನ್ರಿ?"

"ಇಲ್ಲ. ಹಂಗೇ ಅದ, ನನ್ ಕಡಿ."

"ಚಲೋ ಆತ್ರಿ" ಎಂದಳು. ಎಲ್ಲಿದ್ದೀ, ಯಾವ ಊರು ಎಂದು ಕೇಳಿದೆ, ಹೇಳಲಿಲ್ಲ. ಇಡುತ್ತೇನೆ ಎಂದಾಗ ತಡೆಯಲಾರದೆ ಕೇಳಿಬಿಟ್ಟೆ. "ಅವತ್ತ ನಿಂಗ ಗೊತ್ತಾಗಿತ್ತಲ್ಲ. ಮತ್ಯಾಕ ಹೌ ಅಂದಿ?"

"ಒತ್ತಿದ ಕೂಡ್ಲೇ ಗೊತ್ತಾತ್ರಿ."

"ಮತ್ತ?"

"ನೀವ್ ಕಣ್ಣ್ ಬಿಟ್ರಲ್ರಿ ಟೀಚರ್."

ಅವಳ ದನಿಯಲ್ಲಿ ದೂರು ಇರಲಿಲ್ಲ. ಪಾಠದ ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳುವಂತೆ ಹೇಳಿದಳು. ಯಾರೋ ಕರೆದರು, ಫೋನ್ ಇಟ್ಟಳು. ಆ ನಂಬರಿಗೆ ಆಮೇಲೆ ಎಷ್ಟು ಸಲ ಹಚ್ಚಿದರೂ ಹತ್ತಲಿಲ್ಲ.

ಈಗಲೂ ದಿನಾ ಬೆಳಿಗ್ಗೆ ಹಾಜರಿ ಕರೆಯುತ್ತೇನೆ. ಪುಸ್ತಕದಿಂದ ತಲೆ ಎತ್ತುವುದಿಲ್ಲ.